ಗುಡುಗಿನ ಮಳೆಯೂ ಬಿಳಿ ಬಕೆಟ್ಟೂ

ಏಪ್ರಿಲ್ 27, ಶನಿವಾರ, ಮಧ್ಯಾಹ್ನ 3 ಗಂಟೆ 40 ನಿಮಿಷ. ಚಿಕ್ಕಬಳ್ಳಾಪುರದ ಕಾಲೇಜೊಂದರ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಸ್ಟೂಲಿನ ಮೇಲೆ ನಿಂತು ಪಿಪೆಟ್ಟುಗಳನ್ನು ಎಣಿಸುತ್ತಿದ್ದೆ. ಲ್ಯಾಬ್ ಅಸಿಸ್ಟೆಂಟ್ ಆಗಿ ಸೇರಿದ ಮೇಲೆ ಅದು ನನ್ನ ಎರಡನೆಯ ಬೇಸಿಗೆ. ರಜೆ ವಿದ್ಯಾರ್ಥಿಗಳಿಗೆ, ನಮಗೆ ಸ್ಟಾಕ್ ಪಟ್ಟಿ. ಅರವತ್ತೆರಡನೆಯ ಪಿಪೆಟ್ಟು ಕೈಯಲ್ಲಿದ್ದಾಗ ಕಿಟಕಿ ಫಕ್ಕನೆ ಬೆಳ್ಳಗಾಯಿತು. ಪಿಪೆಟ್ಟನ್ನು ಕೆಳಗಿಟ್ಟು ಸೆಕೆಂಡು ಎಣಿಸಿದೆ. ಹದಿನಾಲ್ಕಕ್ಕೆ ಗುಡುಗು ಕೇಳಿಸಿತು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂದು ಹಿಡಿದರೆ ಐದಕ್ಕೆ ಸ್ವಲ್ಪ ಕಡಿಮೆ.

ಕಿಟಕಿ ತೆರೆದೆ. ಮಳೆ ಇನ್ನೂ ಬಂದಿರಲಿಲ್ಲ, ಗಾಳಿ ಮಾತ್ರ ಬಂತು. ಅದರಲ್ಲಿ ಝೆರಾಕ್ಸ್ ಅಂಗಡಿಯೊಳಗೆ ಹೊಕ್ಕಾಗ ಮೂಗಿಗೆ ತಾಗುವಂಥ ಚುರುಕು ವಾಸನೆ ಇತ್ತು. ಅದು ಓಝೋನ್. ಮೋಡದ ವಿದ್ಯುತ್ತಿಗೆ ಸಿಕ್ಕ ಆಮ್ಲಜನಕ ಒಡೆದು, ಎರಡಿದ್ದದ್ದು ಮೂರಾಗಿ ಕೂಡಿಕೊಳ್ಳುತ್ತದೆ. ಮೂಗು ಅದನ್ನು ಅತಿ ಕಡಿಮೆ ಪ್ರಮಾಣದಲ್ಲೂ ಹಿಡಿಯುತ್ತದೆ. ಇದನ್ನು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಆದರೆ ಆ ಹೊತ್ತಿಗೆ ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ನನಗೆ ಬೇಕಾಗಿದ್ದದ್ದು ವಾಸನೆಯಲ್ಲ, ನೀರು.

ಯಾಕೆಂದು ಹೇಳುತ್ತೇನೆ. ನಮ್ಮೂರು ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ದಿಬ್ಬೂರಹಳ್ಳಿ ಕಡೆ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ. ಸಾಕುವುದೆಲ್ಲ ಅಮ್ಮನೇ. ಅಪ್ಪ ಗೌರಿಬಿದನೂರಿನಲ್ಲಿ ಕಾರ್ಖಾನೆಯ ಶಿಫ್ಟ್ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ಹಿಪ್ಪುನೇರಳೆ ತೋಟಕ್ಕೆ ಬೋರ್‌ವೆಲ್ ನೀರು ಬಿಟ್ಟಾಗ ಸೊಪ್ಪು ಬದುಕುತ್ತದೆ, ಗುಡುಗಿನ ಮಳೆ ಬಿದ್ದಾಗ ಸೊಪ್ಪು ಕಪ್ಪಾಗುತ್ತದೆ ಎಂದು ಅಮ್ಮ ನಾನು ಚಿಕ್ಕವಳಿದ್ದಾಗಿನಿಂದ ಹೇಳುತ್ತ ಬಂದಿದ್ದಾರೆ. ಕಪ್ಪು ಎಂದರೆ ಅವರ ಮಾತಿನಲ್ಲಿ ದಟ್ಟ ಹಸಿರು. ಇನ್ನೊಂದು ಕಡೆ ನಾನು ಕಲಿತದ್ದು: ಸಿಡಿಲಿನ ಹಾದಿಯಲ್ಲಿ ಗಾಳಿ ಸುಮಾರು ಮೂವತ್ತು ಸಾವಿರ ಡಿಗ್ರಿಗೆ ಕಾಯುತ್ತದೆ. ಸುಲಭಕ್ಕೆ ಯಾರ ಜೊತೆಯೂ ಸೇರದ ಸಾರಜನಕ ಅಲ್ಲಿ ಒಡೆದು ಆಮ್ಲಜನಕದೊಂದಿಗೆ ಸೇರುತ್ತದೆ. ಗಾಳಿ ಅಷ್ಟೇ ಬೇಗ ತಣಿಯುವುದರಿಂದ ಆ ಜೋಡಿ ಬಿಡಿಸಿಕೊಳ್ಳಲಾಗದೆ ನೈಟ್ರಿಕ್ ಆಕ್ಸೈಡ್ ಆಗಿ ಉಳಿಯುತ್ತದೆ. ಮುಂದೆ ಓಝೋನ್ ಅದನ್ನು ಇನ್ನೊಂದು ಮೆಟ್ಟಿಲು ಏರಿಸಿ ನೈಟ್ರೋಜನ್ ಡೈಆಕ್ಸೈಡ್ ಮಾಡುತ್ತದೆ, ಕೊನೆಗೆ ಅದು ನೈಟ್ರಿಕ್ ಆಮ್ಲವಾಗಿ ಮಳೆಹನಿಯಲ್ಲಿ ಕರಗುತ್ತದೆ. ನೆಲಕ್ಕೆ ಬಿದ್ದರೆ ನೈಟ್ರೇಟ್, ಅಂದರೆ ಗಿಡದ ಊಟ. ಅಮ್ಮನ ಮಾತೂ ಪುಸ್ತಕದ ಮಾತೂ ಒಂದೇ ಎಂದು ತೋರಿಸಬೇಕೆಂಬ ಹಟ ನನ್ನದು. ಅದಕ್ಕಾಗಿಯೇ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿದ್ದೆ. ಗೌರಿಬಿದನೂರಿನಿಂದ ಅಪ್ಪ, ಚಿಂತಾಮಣಿಯಿಂದ ಅತ್ತೆ, ಊರಿನಿಂದ ಅಮ್ಮ, ಚಿಕ್ಕಬಳ್ಳಾಪುರದಲ್ಲಿ ನಾನು. ಎಲ್ಲಿ ಎಷ್ಟು ಹೊತ್ತಿಗೆ ಗುಡುಗಿತು, ಎಷ್ಟು ಸಲ.

ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮ, ಮೋಡ ಆ ಕಡೆ ಬರ್ತಾ ಇದೆ. ಅಂಗಳದ ಮಧ್ಯ ಒಂದು ಬಕೆಟ್ ಇಡ್ತೀಯಾ? ಸೂರಿನ ನೀರು ಅದರೊಳಕ್ಕೆ ಬೀಳಬಾರದು."

"ಯಾವ ಬಕೆಟ್ಟಮ್ಮ?"

"ಯಾವ್ದಾದ್ರೂ ಆಗ್ತದೆ. ಕ್ಲೀನಾಗಿರಬೇಕು ಅಷ್ಟೆ. ಸೋಪು ಗೀಪು ತಾಕಿರಬಾರದು."

"ಸೋಪು ತಾಕಿರಬಾರದು. ಸರಿ."

"ಗುಡುಗು ಎಷ್ಟು ಆಯ್ತು ಅಂತ ಎಣಿಸ್ಕೋ."

"ಒಲೆ ಮೇಲೆ ಸಾರಿಟ್ಟಿದೀನಿ ಕಣೇ. ಗುಡುಗು ಎಣಿಸ್ಕೊಂಡು ಕೂತ್ಕೊಳ್ಳೋಕೆ ನಂಗೇನು ನಿಮ್ ಕಾಲೇಜಿನೋರು ಕೆಲ್ಸ ಕೊಟ್ಟವ್ರಾ?"

ಹೀಗೆ ಹೇಳಿದವರು ಸಾರನ್ನು ಇಳಿಸಿ, ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತ ನಿಂತಿದ್ದರು. ಊರಿನಲ್ಲಿ ಮಳೆ ಶುರುವಾದದ್ದು 5:10ಕ್ಕೆ, ನಿಂತದ್ದು 5:50ಕ್ಕೆ. ಗೀಟು ನಲವತ್ತೊಂದು. ಚಿಂತಾಮಣಿಯ ಅತ್ತೆ "ಇಕ್ಕಡ ಉರುಮುಲೇ, ವಾನ ಲೇದು" ಎಂದು ತೆಲುಗಿನಲ್ಲಿ ಹೇಳಿ ಫೋನ್ ಇಟ್ಟರು. ಅಲ್ಲಿ ಗುಡುಗಿತ್ತು, ಮಳೆ ಬಂದಿರಲಿಲ್ಲ. ಅಪ್ಪ ಫೋನ್ ಎತ್ತಲಿಲ್ಲ, ಶಿಫ್ಟಿನಲ್ಲಿದ್ದರು. ಆ ಕಾಲಂ ಖಾಲಿ ಬಿಟ್ಟೆ.

ಮರುದಿನ ಭಾನುವಾರ ಊರಿಗೆ ಹೋದೆ. ಅಂಗಳದಲ್ಲಿ ಬಿಳಿ ಬಕೆಟ್ಟು, ತಳದಲ್ಲಿ ಎರಡು ಬೆರಳಷ್ಟು ನೀರು. ಲ್ಯಾಬಿನಿಂದ ತಂದ ಬಾಟಲಿಗೆ ತುಂಬಿಸಿ, ಮುಚ್ಚಳದ ಮೇಲೆ ದಿನಾಂಕ ಬರೆದೆ. ಬಸ್ಸಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಪೆರೇಸಂದ್ರದಲ್ಲಿ ಹತ್ತಿದ ಹೆಂಗಸೊಬ್ಬರು ಸೀಟಿನ ತುದಿಯಲ್ಲಿ ಕೂರುತ್ತ "ಏನಮ್ಮಾ, ಮೊಟ್ಟೆ ಇದ್ದಾವಾ ಅದ್ರಲ್ಲಿ?" ಎಂದು ಕೇಳಿದರು.

ಸೋಮವಾರ ಬೆಳಗ್ಗೆ 9:25. ಪಿಯುಸಿ ಓದಿದ ಎಲ್ಲರಿಗೂ ಗೊತ್ತಿರುವ ಕಂದು ಉಂಗುರದ ಪರೀಕ್ಷೆ. ಪರೀಕ್ಷಾ ನಳಿಗೆಗೆ ನೀರು, ಆಗಷ್ಟೇ ಕರಗಿಸಿದ ಫೆರಸ್ ಸಲ್ಫೇಟ್, ಆಮೇಲೆ ನಳಿಗೆಯನ್ನು ಓರೆ ಹಿಡಿದು ಗೋಡೆಗುಂಟ ಸಲ್ಫ್ಯೂರಿಕ್ ಆಮ್ಲ ಹನಿ ಹನಿಯಾಗಿ. ಎರಡು ದ್ರವಗಳು ಕೂಡುವ ಕಡೆ ಕಂದು ಉಂಗುರ ಕಂಡರೆ ನೈಟ್ರೇಟ್ ಇದೆ ಎಂದರ್ಥ. ಉಂಗುರ ಕಂಡಿತು. ತೆಳ್ಳಗಲ್ಲ, ಕಾಫಿ ಡಿಕಾಕ್ಷನ್ ಬಣ್ಣದ್ದು. ಇನ್ನೊಂದು ಸಲ ಮಾಡಿದೆ, ಮತ್ತೆ ಬಂತು. ಮೂರನೆಯ ಸಲವೂ ಬಂತು. ಫೋಟೋ ತೆಗೆದು ಅಮ್ಮನ ಫೋನಿಗೆ ಕಳಿಸಿದೆ.

ಅದೇ ವಾರ ತೋಟಕ್ಕೆ ಗೊಬ್ಬರ ಹಾಕಬೇಕಿತ್ತು. ಏಪ್ರಿಲ್ ಒಂದಕ್ಕೆ ತೋಟ ಕಡಿದಿದ್ದರು. ಚಿಗುರು ಮೊಣಕಾಲೆತ್ತರ ಬಂದಿತ್ತು. ಯೂರಿಯಾ ಮೂಟೆಗಳು ಹುಳದ ಮನೆಯ ಜಗಲಿಯಲ್ಲಿ ಒರಗಿದ್ದವು. ಒಂದು ಮಳೆ ಬೀಳಲಿ, ನೆಲ ನೆನೆಯಲಿ, ಆಮೇಲೆ ಚೆಲ್ಲೋಣ ಎಂದು ಅಮ್ಮ ಕಾಯುತ್ತಿದ್ದರು. ಸಂಜೆ ಫೋನಿನಲ್ಲಿ ಕೇಳಿದರು.

"ಹಂಗಾದ್ರೆ ಮೇಲಿಂದ್ಲೇ ಗೊಬ್ರ ಬಿತ್ತು ಅಂತೀಯಾ?"

"ಹೂಂ ಅಮ್ಮ. ಉಂಗುರ ನೋಡಿದೆಯಲ್ಲ."

"ಈ ಸಲ ಮೂಟೆ ಬಿಚ್ಚೋದು ಬೇಡ್ವಾ?"

"ಬೇಡ. ಇನ್ನೂ ಗುಡುಗಿನ ಮಳೆ ಬರ್ತವೆ ಮೇ ತಿಂಗ್ಳಲ್ಲಿ."

"ಗ್ಯಾರಂಟಿನಾ?"

"ಗ್ಯಾರಂಟಿ."

ಆ ಮಾತನ್ನು ನಾನೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ: ಏಪ್ರಿಲ್ 29, ಸಂಜೆ 7:05. ತೋಟ ಒಂದು ಎಕರೆ. ಆರು ಸಾಲು ಮಾತ್ರ ಗೊಬ್ಬರವಿಲ್ಲದೆ ಬಿಟ್ಟು ನೋಡೋಣ ಎಂದು ನಾನು ಹೇಳಬಹುದಿತ್ತು. ಪ್ರಯೋಗ ಎಂದರೆ ಹಾಗೇ ಅಲ್ಲವೇ? ಹೇಳಲಿಲ್ಲ. ಸಂತೋಷದಲ್ಲಿ ತೋಚಲೂ ಇಲ್ಲ.

ಮೊದಲ ಹತ್ತು ದಿನ ನನ್ನ ಮಾತೇ ನಿಜವಾಯಿತು. ಸೊಪ್ಪು ಕಪ್ಪಾಯಿತು. ಅಮ್ಮ ಎಲೆಯೊಂದನ್ನು ಅಂಗೈ ಮೇಲಿಟ್ಟು ಫೋಟೋ ಕಳಿಸಿದರು. ಮೇ 6ಕ್ಕೆ ಇಪ್ಪತ್ತೇಳು ಗುಡುಗು, ಮೇ 19ಕ್ಕೆ ಅರವತ್ತಮೂರು. ಅರವತ್ತಮೂರರ ದಿನ ಅಪ್ಪ ಗೌರಿಬಿದನೂರಿನಿಂದ ಫೋನ್ ಮಾಡಿ "ಇಲ್ಲಿ ಒಂದು ತೆಂಗಿನ ಮರಕ್ಕೇ ಬಿತ್ತು ಕಣಮ್ಮ, ಬರ್ಕೋ" ಎಂದರು. ಅವರ ದನಿಯಲ್ಲಿ ಗಾಬರಿ, ನನ್ನದರಲ್ಲಿ ಖುಷಿ. ಆಮೇಲೆ ನಾಚಿಕೆಯಾಯಿತು.

ಮೇ 26, ಭಾನುವಾರ ಊರಿಗೆ ಹೋದಾಗ ಸಾಲುಗಳ ನಡುವೆ ನಡೆದೆ. ಕೆಳಗಿನ ಎಲೆಗಳು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಗಿಡಕ್ಕೆ ಸಾರಜನಕ ಸಾಲದಾದಾಗ ಹಳೆ ಎಲೆಯಿಂದ ತೆಗೆದು ಚಿಗುರಿಗೆ ಕೊಡುತ್ತದೆ. ಅದೂ ನನಗೆ ಗೊತ್ತಿರುವ ಪಾಠವೇ. ಮುಟ್ಟಿದರೆ ಎಲೆ ಕಾಗದದ ಹಾಗೆ. ಅಮ್ಮ ಒಂದು ಹಳದಿ ಎಲೆ ಕಿತ್ತು ನನ್ನ ಕೈಗಿಟ್ಟರು. ನಾನು ಮಣ್ಣಿನ ದೋಷವಿರಬಹುದು, ನುಸಿ ಇರಬಹುದು ಎಂದೆಲ್ಲ ಅಂದೆ. ಎರಡು ದಿನ ಬಿಟ್ಟು, ಮೇ 28ಕ್ಕೆ, ಮರಿಹುಳ ಸಾಕಿ ಮಾರುವ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳ ಮನೆಗೆ ಬಂದವು. ನಮ್ಮ ಕಡೆ ಹುಳ ಪೊರೆ ಬಿಡಲು ತಿನ್ನದೆ ಮಲಗುವುದಕ್ಕೆ ಜ್ವರ ಎನ್ನುತ್ತಾರೆ. ಒಟ್ಟು ನಾಲ್ಕು ಜ್ವರ. ನಾಲ್ಕನೆಯದು ಎದ್ದ ಮೇಲೆ ಏಳೆಂಟು ದಿನ ಹುಳ ತಿನ್ನುವ ತಿಂಡಿಯ ಮುಂದೆ ಅಲ್ಲಿಯವರೆಗೆ ತಿಂದದ್ದು ಲೆಕ್ಕಕ್ಕೇ ಇಲ್ಲ. ಆ ದಿನಗಳಿಗೆ ಸೊಪ್ಪು ಸಾಕಾಗದಿದ್ದರೆ ಗೂಡು ತೆಳ್ಳಗಾಗುತ್ತದೆ.

ನೂರು ಮೊಟ್ಟೆಯ ಹುಳ. ನಮ್ಮಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ನಾನೂರು ಐನೂರು ಮೊಟ್ಟೆಗಳ ಒಂದು ಗುಂಪು. ಜೂನ್ 6ಕ್ಕೆ ನಾಲ್ಕನೇ ಜ್ವರ ಎದ್ದವು. ನಾನು ಲ್ಯಾಬಿನಲ್ಲಿದ್ದರೂ ತೋಟದ ಸಾಲುಗಳನ್ನೇ ಎಣಿಸುತ್ತಿದ್ದೆ. ದಿನಕ್ಕೆ ಎಷ್ಟು ಸಾಲು ಕೊಯ್ದರು, ಇನ್ನೆಷ್ಟು ಉಳಿದವು, ಎಷ್ಟು ದಿನಕ್ಕೆ ಬರುತ್ತವೆ. ಪ್ರತಿ ಸಲವೂ ಎರಡು ದಿನ ಕಡಿಮೆ ಬೀಳುತ್ತಿತ್ತು. ಭಾಗಾಕಾರ ಬೇರೆ ರೀತಿ ಮಾಡಿ ನೋಡಿದೆ, ಆಗಲೂ ಅಷ್ಟೇ.

ಜೂನ್ 8, ಎರಡನೇ ಶನಿವಾರ, ರಜೆ. ಬೆಳಗ್ಗೆ 8:15. ನಾನೂ ಅಮ್ಮನೂ ಹುಳಕ್ಕೆ ಸೊಪ್ಪು ಹಾಕುತ್ತಿದ್ದೆವು. ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಬಾಗಿಲಲ್ಲಿ ನಿಂತು ಕೂಗಿದರು. ಅವರದು ಪಕ್ಕದ ದ್ರಾಕ್ಷಿ ತೋಟ.

"ಅತ್ತಿಗೇ, ನನ್ ಬಿಳಿ ಬಕೆಟ್ಟೆಲ್ಲಿ? ಒಂದೂವರೆ ತಿಂಗ್ಳಾಯ್ತು ಹುಡುಕ್ತಾ ಇದೀನಿ. ಡ್ರಿಪ್ಪಿಗೆ ನೈನ್ಟೀನ್ ಆಲ್ ಕರಗ್ಸೋಕೆ ಏನೂ ಇಲ್ದೆ ಕೊಡದಲ್ಲಿ ಕಲಸ್ಕೊಂಡು ಕೂತಿದೀನಿ ನಾನು."

ನೈನ್ಟೀನ್ ಆಲ್ ಎಂದರೆ ನೀರಿನಲ್ಲಿ ಕರಗುವ ಗೊಬ್ಬರ. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಹತ್ತೊಂಬತ್ತು ಭಾಗ. ಆ ಸಾರಜನಕದಲ್ಲಿ ಒಂದು ಪಾಲು ನೈಟ್ರೇಟೇ. ಕೈಯಲ್ಲಿದ್ದ ಸೊಪ್ಪು ಹಾಗೇ ಹಿಡಿದು ನಿಂತೆ.

"ಅಮ್ಮ, ಅವತ್ತು ಅಂಗಳದಲ್ಲಿ ಇಟ್ಟಿದ್ದು ಅದೇ ಬಕೆಟ್ಟಾ?"

"ಹೂಂ. ನೀನೇ ಹೇಳ್ದೆಯಲ್ಲ, ಕ್ಲೀನಾಗಿರೋದು ಅಂತ."

"ಗೊಬ್ಬರದ ಬಕೆಟ್ಟು ಹೆಂಗಮ್ಮ ಕ್ಲೀನು?"

"ಮನೇಲಿರೋ ಬಕೆಟ್ಟೆಲ್ಲಾ ಹುಳದ ಮನೆ ತೊಳೆದು ಬ್ಲೀಚಿಂಗ್ ಪೌಡರ್ ಮೆತ್ಕೊಂಡಿದ್ವು. ಸ್ನಾನದ್ದು ಸೋಪು. ಇದೊಂದಕ್ಕೇ ಸೋಪೂ ಇಲ್ಲ, ಬ್ಲೀಚಿಂಗೂ ಇಲ್ಲ, ಔಷ್ದೀನೂ ತಾಕಿಲ್ಲ. ಗೊಬ್ರ ಏನು ವಿಷಾನಾ?"

ಅಮ್ಮ ಹೇಳಿದ್ದರಲ್ಲಿ ತಪ್ಪು ಹುಡುಕಲಾಗಲಿಲ್ಲ. ಹುಳ ಸಾಕುವ ಮನೆಯಲ್ಲಿ ಕ್ಲೀನ್ ಎಂದರೆ ಹುಳ ಸಾಯದೆ ಇರುವುದು. ಸೋಪು, ಬ್ಲೀಚಿಂಗ್, ಕೀಟನಾಶಕ, ನಶ್ಯ, ಸೊಳ್ಳೆ ಬತ್ತಿ ಇವು ಕೊಳೆ. ನನ್ನ ಲ್ಯಾಬಿನಲ್ಲಿ ಕ್ಲೀನ್ ಎಂದರೆ ಬಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ ತೊಳೆದದ್ದು. ಎರಡೂ ಮನೆಗಳಲ್ಲಿ ಬೆಳೆದವಳು ನಾನೊಬ್ಬಳೇ. ಆ ಮಾತನ್ನು ಬಿಡಿಸಿ ಹೇಳಬೇಕಾದವಳೂ ನಾನೇ.

ಚಿಕ್ಕಪ್ಪನಿಗೆ ಎಲ್ಲ ಗೊತ್ತಾದಾಗ ಅವರು ಹೊಸ್ತಿಲ ಮೇಲೆ ಕೂತು ನಕ್ಕರು. "ಏನಮ್ಮ ಸೈಂಟಿಸ್ಟು, ಸಿಡಿಲು ನನ್ ಬಕೆಟ್ಟಲ್ಲಿತ್ತಾ?" ಅಮ್ಮ ಅವರ ಕಡೆ ನೋಡಿದ ನೋಟಕ್ಕೆ ನಗು ನಿಂತಿತು. ಆಮೇಲೆ ಅವರೇ "ಮಂಡಿಕಲ್ ಕಡೆ ಗೊತ್ತಿರೋರ ತೋಟದಲ್ಲಿ ಸೊಪ್ಪು ಐತೆ. ಹೋಗಿ ತರಣ ನಡಿ" ಎಂದರು. ಒಂದು ಪಿಕಪ್ ತುಂಬ ಸೊಪ್ಪು ಸಿಕ್ಕಿತು. ಎರಡನೆಯ ಲೋಡಿಗೆ ಪೆರೇಸಂದ್ರದ ಹೈವೇ ಪಕ್ಕದ ತೋಟ ತೋರಿಸಿದರು. ಧೂಳು ಕೂತ ಸೊಪ್ಪು ಬೇಡ ಎಂದು ಅಮ್ಮ ಒಪ್ಪಲಿಲ್ಲ. ದಿನಕ್ಕೆ ಮೂರು ಸಲ ಹಾಕುತ್ತಿದ್ದ ಸೊಪ್ಪನ್ನು ಕೊನೆಯ ಎರಡು ದಿನ ಎರಡೇ ಸಲ ಹಾಕಿದರು. ಹಸಿದ ಹುಳ ಕಡ್ಡಿಯ ತುದಿಗೆ ಹತ್ತಿ ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತವೆ. ಹುಳ ಹಾಸಿದ ಇಡೀ ಸ್ಟ್ಯಾಂಡಿನ ಉದ್ದಕ್ಕೂ ಹಾಗೆ. ನಾನು ಅದನ್ನು ನೋಡಿ ಹೊರಗೆ ಬಂದೆ, ಮತ್ತೆ ಒಳಗೆ ಹೋದೆ, ಮತ್ತೆ ಬಂದೆ.

"ಒಂದು ಕಡೆ ನಿಲ್ಲಮ್ಮ," ಎಂದರು ಅಮ್ಮ. "ನಿನ್ ನೆರಳು ಬಿದ್ರೆ ಸೊಪ್ಪು ಬಂದದೆ ಅಂತ ತಿಳ್ಕೊತವೆ ಅವು."

ಹಿಂದಿನ ಬೆಳೆ ಎಪ್ಪತ್ತೆಂಟು ಕೆಜಿ ಗೂಡು. ಈ ಸಲ ಅರವತ್ತೊಂದು.

ನಡುವೆ, ಜೂನ್ 10ರ ಸೋಮವಾರ, ನಮ್ಮ ವಿಭಾಗದ ಮೇಡಂಗೆ ಎಲ್ಲ ಹೇಳಿಕೊಂಡಿದ್ದೆ. ಅವರು ಫೋಟೋದಲ್ಲಿನ ಉಂಗುರ ನೋಡಿ ಕನ್ನಡಕ ತೆಗೆದರು.

"ಏನ್ರೀ, ಬಿಎಸ್ಸಿ ಮಾಡಿದೀರ. ಮಳೆ ನೀರಲ್ಲಿ ಇಷ್ಟು ದಪ್ಪ ಉಂಗುರ ಬರ್ತದೇನ್ರೀ? ಮಳೆಯಲ್ಲಿರೋ ನೈಟ್ರೇಟ್ ಈ ಟೆಸ್ಟಿಗೆ ಸಿಗೋದೇ ಇಲ್ಲ, ಅಷ್ಟು ಕಮ್ಮಿ. ಉಂಗುರ ಬಂದಾಗ್ಲೇ ಡೌಟ್ ಪಡಬೇಕಿತ್ತು ನೀವು."

ಆಮೇಲೆ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಅಂದಾಜು ಲೆಕ್ಕ ಮಾಡಿದರು. ಸಿಡಿಲಿನಿಂದ ಒಂದು ಎಕರೆಗೆ ವರ್ಷಕ್ಕೆ ಬರುವ ಸಾರಜನಕ ಯೂರಿಯಾ ಲೆಕ್ಕದಲ್ಲಿ ಕೆಲವು ಹಿಡಿ. ನಮ್ಮ ತೋಟ ಕೇಳುವುದು ಮೂಟೆ. ಅಷ್ಟೇ ಅಲ್ಲ, ಆ ಹಿಡಿಗಳೂ ನಮ್ಮ ಅಂಗಳಕ್ಕೇ ಬೀಳುತ್ತವೆ ಎನ್ನುವ ಹಾಗಿಲ್ಲ. ಸಿಡಿಲು ಹುಟ್ಟಿಸಿದ್ದರಲ್ಲಿ ಹೆಚ್ಚಿನ ಪಾಲು ಮೋಡದ ಎತ್ತರದಲ್ಲೇ ಉಳಿದು ಗಾಳಿಯ ಜೊತೆ ಹೋಗುತ್ತದೆ. ಅಲ್ಲಿ ಬಿಸಿಲಿಗೆ ಸಿಕ್ಕಿ, ದಿನಗಟ್ಟಲೆ ಓಝೋನ್ ತಯಾರಿಗೆ ನೆರವಾಗುತ್ತದೆ. ಗಾಳಿಯಲ್ಲಿನ ಮೀಥೇನಿನಂಥ ಅನಿಲಗಳನ್ನು ಒಡೆದು ತೊಳೆಯುವ ಹೈಡ್ರಾಕ್ಸಿಲ್ ಕಣಗಳನ್ನೂ ಸಿಡಿಲು ಹೆಚ್ಚಿಸುತ್ತದೆ. ಇಂದು ನಮ್ಮ ಮೇಲೆ ಮಿಂಚಿದ್ದು ನಾಲ್ಕು ದಿನ ಬಿಟ್ಟು ಯಾವ ಸಮುದ್ರದ ಮೇಲಿರುತ್ತದೋ! ಮಳೆಯಲ್ಲಿ ಸಿಗುವ ನೈಟ್ರೇಟಿಗೆ ಲಾರಿಗಳ ಹೊಗೆಯೂ ಸೇರಿರುತ್ತದೆ. ಹೈವೇ ಹತ್ತಿರವಿದ್ದರಂತೂ ಯಾವುದು ಯಾರದು ಎಂದು ಬೇರೆ ಮಾಡುವುದು ಕಷ್ಟ.

"ಮತ್ತೆ ಹತ್ತು ದಿನ ಸೊಪ್ಪು ಕಪ್ಪಾಗಿದ್ದದ್ದು ಸುಳ್ಳಾ ಮೇಡಂ?"

"ಸುಳ್ಳು ಯಾಕಾಗ್ತದೆ? ಒಣಗಿದ ನೆಲಕ್ಕೆ ಮೊದಲ ಮಳೆ ಬಿದ್ರೆ ಮಣ್ಣಲ್ಲಿರೋ ಜೀವಿಗಳು ಎದ್ದು, ಕೂಡಿಟ್ಟ ಸಾರಜನಕ ಒಂದೇ ಸಲಕ್ಕೆ ಬಿಡ್ತವೆ. ಧೂಳು ತೊಳೆದು ಹೋಗ್ತದೆ. ನೀರು ಸಿಗ್ತದೆ. ಇದ್ರಲ್ಲಿ ಸಿಡಿಲಿನ ಪಾಲೆಷ್ಟು ಅಂತ ನಂಗೂ ಗೊತ್ತಿಲ್ಲ."

ಜೂನ್ 16, ಭಾನುವಾರ, ಸಂಜೆ 4:25ಕ್ಕೆ ಮತ್ತೆ ಗುಡುಗಿನ ಮಳೆ. ಈ ಸಲ ನಾನೇ ಊರಿನಲ್ಲಿದ್ದೆ. ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದ ಸ್ಟೀಲ್ ಪಾತ್ರೆ, ಮೇಜಿನ ಎತ್ತರದಲ್ಲಿ, ಸೂರಿನಿಂದ ದೂರ. ಹತ್ತೊಂಬತ್ತು ಗುಡುಗು. ಸೋಮವಾರ ಲ್ಯಾಬಿನಲ್ಲಿ ಉಂಗುರ ಬರಲಿಲ್ಲ. ಅದಕ್ಕೂ ಮೊದಲು, ಮಳೆ ನಿಂತೊಡನೆ ಊರಲ್ಲೇ, ಕುಡಿಯುವ ನೀರಿನ ನೈಟ್ರೇಟ್ ಪರೀಕ್ಷಿಸುವ ಕಾಗದದ ಪಟ್ಟಿಯನ್ನು ಅದ್ದಿದ್ದೆ. ಡಬ್ಬಿಯ ಮೇಲಿನ ಬಣ್ಣದ ಚಾರ್ಟಿನಲ್ಲಿ ಸೊನ್ನೆಯ ಬಿಳುಪಿಗೂ ಮೊದಲ ಮನೆಯ ಗುಲಾಬಿಗೂ ನಡುವೆ ಎಲ್ಲೋ ಒಂದು ಬಣ್ಣ. ಬಿಸಿಲಿನಲ್ಲಿ ಹಿಡಿದರೆ ಇದೆ ಎನಿಸುತ್ತದೆ, ನೆರಳಿಗೆ ತಂದರೆ ಇಲ್ಲ ಎನಿಸುತ್ತದೆ. ಅಮ್ಮನ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿ "ಇದೆ ಅಂದ್ರೆ ಇದೆ" ಎಂದು ವಾಪಸು ಕೊಟ್ಟರು. ಏನು ಬರೆಯುವುದೆಂದು ತಿಳಿಯದೆ ಪಟ್ಟಿಯನ್ನೇ ಆ ಪುಟಕ್ಕೆ ಅಂಟಿಸಿದೆ. ಮೂರು ದಿನದಲ್ಲಿ ಬಣ್ಣ ಮಾಸಿತು.

ಜೂನ್ 20ಕ್ಕೆ ತೋಟವನ್ನು ಮತ್ತೆ ಕಡಿದರು. ಜುಲೈ 14, ಭಾನುವಾರ ಬೆಳಗ್ಗೆ ಅಮ್ಮ ಯೂರಿಯಾ ಮೂಟೆಯ ದಾರ ಎಳೆಯುತ್ತಿದ್ದರು. ಆ ತಿಂಗಳು ಊರಿನ ಕಾಲಂನಲ್ಲಿ ಅದುವರೆಗೆ ಮೂರೇ ಗೀಟು. ಮುಂಗಾರು ಹಿಡಿದ ಮೇಲೆ ಜಿಟಿಜಿಟಿ ಮಳೆಯೇ ಹೊರತು ಗುಡುಗು ಕಡಿಮೆ.

"ಹಾಕ್ಲಾ?" ಎಂದು ಕೇಳಿದರು.

"ಹಾಕಮ್ಮ."

"ಎಲ್ಲಾದಕ್ಕೂನಾ?"

ಅವರು ಮೊರಕ್ಕೆ ಯೂರಿಯಾ ಸುರಿದುಕೊಂಡು, ಬೋರ್‌ವೆಲ್ ಕಡೆಯಿಂದ ಮೊದಲ ಎರಡು ಸಾಲು ಬಿಟ್ಟು ಮೂರನೆಯದಕ್ಕೆ ಚೆಲ್ಲಲು ಶುರು ಮಾಡಿದರು. ನಾನು ಯಾಕೆ ಎಂದು ಕೂಗಿದೆ.

"ಆ ಹತ್ತು ದಿನ ನಾನೂ ಕಣ್ಣಾರೆ ನೋಡಿದೀನಿ ಕಣೇ. ಅದು ಎಲ್ಲಿಂದ ಬಂತು ಅಂತ ನೀನು ಇನ್ನೂ ಹೇಳಿಲ್ಲ," ಎಂದರು, ತಿರುಗಿ ನೋಡದೆ.

ಆ ಎರಡು ಸಾಲಿಗೆ ನಾನೀಗ ವಾರಕ್ಕೊಮ್ಮೆ ಹೋಗಿ ಪ್ರತಿ ಗಿಡದ ಕೆಳಗಿನ ಐದು ಎಲೆ ನೋಡುತ್ತೇನೆ. ಹಸಿರು ಎಷ್ಟು, ಹಳದಿ ಎಷ್ಟು. ಅದರಿಂದ ಉತ್ತರ ಸಿಗುವುದಿಲ್ಲ ಎಂದು ಗೊತ್ತು. ಆಕಾಶದಿಂದ ಬಂದದ್ದನ್ನೂ ಮಣ್ಣಿನಿಂದ ಎದ್ದದ್ದನ್ನೂ ಎಲೆ ಬೇರೆ ಮಾಡಿ ತೋರಿಸುವುದಿಲ್ಲ. ಅಮ್ಮನಿಗೆ ಬೇಕಾಗಿರುವುದು ಒಂದೇ: ಗುಡುಗಿನ ಮಳೆ ಬಿದ್ದ ಬೆಳೆಗೆ ಗೊಬ್ಬರ ಕಡಿಮೆ ಮಾಡಬಹುದೇ, ಮಾಡುವುದಾದರೆ ಎಷ್ಟು. ಎರಡನೆಯ ಸಲ ನಾನು ಗ್ಯಾರಂಟಿ ಎನ್ನಲಾರೆ.

ಓದುವವರಲ್ಲಿ ಮಳೆ ನೀರನ್ನು ಸರಿಯಾದ ಪಾತ್ರೆಯಲ್ಲಿ ಹಿಡಿದು ನೈಟ್ರೇಟ್ ಅಳೆದವರು ಯಾರಾದರೂ ಇದ್ದರೆ, ಅದೂ ನಮ್ಮ ಬಯಲುಸೀಮೆಯ ಏಪ್ರಿಲ್–ಮೇ ಮಳೆಯನ್ನು, ದಯವಿಟ್ಟು ಈ ಪತ್ರಿಕೆಗೆ ಒಂದು ಕಾಗದ ಹಾಕಿ. ಗುಡುಗಿದ ಮಳೆಗೂ ಗುಡುಗದ ಮಳೆಗೂ ವ್ಯತ್ಯಾಸ ಕಂಡಿತೇ, ಲಾರಿ ಹೊಗೆಯ ಪಾಲನ್ನು ಹೇಗೆ ಕಳೆದಿರಿ, ಮೊದಲ ಐದು ನಿಮಿಷದ ನೀರನ್ನು ಬೇರೆ ಹಿಡಿದಿರೇ, ಇಷ್ಟು ತಿಳಿಸಿದರೆ ಸಾಕು. ಯಾವ ಪಾತ್ರೆ, ಅದನ್ನು ಯಾವುದರಲ್ಲಿ ತೊಳೆದಿರಿ ಎಂಬುದನ್ನೂ ಮರೆಯದೆ ಬರೆಯಿರಿ.